ಕೂಸಿನ ಹೆಸರು ಎಲ್ಲಿ ಹಚ್ಚಿದಿರಿ?

ಏಪ್ರಿಲ್ ತಿಂಗಳು ಬಂತೆಂದರೆ ನಮ್ಮ ಚಿಕ್ಕೋಡಿ ಕಡೆ ಹೆಣ್ಣುಮಕ್ಕಳು ಒಬ್ಬರನ್ನೊಬ್ಬರು ಎರಡು ಮಾತು ತಪ್ಪದೆ ಕೇಳುತ್ತಾರೆ. ಒಂದು, "ಉಪ್ಪಿನಕಾಯಿ ಹಾಕಿದ್ರೇನ್ರಿ?" ಇನ್ನೊಂದು, "ಕೂಸಿನ ಹೆಸರು ಎಲ್ಲಿ ಹಚ್ಚಿದ್ರಿ?" ಉಪ್ಪಿನಕಾಯಿ ಕೆಟ್ಟರೆ ಒಂದು ಭರಣಿ ಹೋದೀತು. ಎರಡನೆಯದರಲ್ಲಿ ಅವಸರ ಮಾಡಿದರೆ ವರ್ಷದ ರೊಕ್ಕವೂ ಹೋಗುತ್ತದೆ, ಕೂಸಿನ ಗೆಲುವೂ ಹೋಗುತ್ತದೆ.

ಈಚೆಗೆ ಇಂಥದೇ ಒಂದು ಏಪ್ರಿಲ್‌ನಲ್ಲಿ ನಿಪ್ಪಾಣಿಯಿಂದ ನನ್ನ ಅಕ್ಕನ ಮಗಳು ಬಂದಳು. ಬಗಲಲ್ಲಿ ಎರಡೂವರೆ ವರ್ಷದ ಮಗ. ಚಹಾ ಕುಡಿದು, ಮನೆಯಲ್ಲಿ ಬೇರೆ ಯಾರೂ ಇಲ್ಲವೆಂದು ನೋಡಿಕೊಂಡು, ಚೀಲದಿಂದ ತವರಿನವರು ಹಾಕಿದ ಬೋರಮಾಳ ಸರ ತೆಗೆದಳು.

"ಮೌಶಿ, ಇದನ್ನ ಒತ್ತಿ ಇಡಬೇಕಾಗೇತಿ. ಪೋರನ್ನ ನರ್ಸರಿಗೆ ಹಾಕೂದೈತಿ. ಮನ್ಯಾಗ ಹೇಳಿಲ್ಲ."

"ಇಷ್ಟ ಅವಸರ ಯಾಕ ಮಗಳ?"

"ಬಾಜೂ ಮನಿ ಕೂಸು ಹೊಂಟೈತಿ. ನಮ್ದು ಹಿಂದ ಬೀಳತೈತಿ ಅಂತಾರ ಎಲ್ಲಾರೂ. ಮತ್ತ ನಾನೂ ಅಂಗಡಿ ಕೆಲಸಕ್ಕ ಹೋಗಬೇಕಲ್ಲ? ಅತ್ತಿಯವರಿಗೆ ಮೊಣಕಾಲು ನೋವು, ಇವನ ಹಿಂದ ಓಡಾಕ ಆಗೂದಿಲ್ಲ."

ಅವಳನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ಯಾಕೆಂದರೆ ನಾನೂ ಅದೇ ತಪ್ಪು ಮಾಡಿದವಳು. ನನ್ನ ಮಗನನ್ನು ಎರಡೂವರೆಗೇ ಒಂದು ನರ್ಸರಿಗೆ ಹಾಕಿದ್ದೆ. ಅವನು ಹದಿನೈದು ದಿನ ಅತ್ತ, ಜ್ವರ ಬಂತು, ಬಿಡಿಸಿದೆ. ಕಟ್ಟಿದ ಫೀ ತಿರುಗಿ ಬರಲಿಲ್ಲ. ಮರುವರ್ಷ ಮತ್ತೆ ಹಾಕಿದೆವು. ಆದರೂ ಮುಂದೆ ಒಂದನೇ ಇಯತ್ತೆಗೆ ವಯಸ್ಸು ಸಾಲದೆ, ಓದಿದ್ದನ್ನೇ ಇನ್ನೊಂದು ವರ್ಷ ಓದಿಸಬೇಕಾಯಿತು. ಹಿಂದೆ ಬೀಳಬಾರದೆಂದು ಓಡಿಸಿದ ಕೂಸು ಎಲ್ಲರ ಜೊತೆಗೇ ಒಂದನೇ ಇಯತ್ತೆಗೆ ಬಂತು!

ಅದಕ್ಕೇ ಸರ ಬದಿಗಿಟ್ಟು, ಹಳೆಯ ಕ್ಯಾಲೆಂಡರಿನ ಬೆನ್ನಿಗೆ ಇಬ್ಬರೂ ಲೆಕ್ಕ ಬರೆಯಲು ಕುಳಿತೆವು. ಆ ಲೆಕ್ಕ ಇನ್ನೊಬ್ಬ ತಾಯಿಗೂ ಉಪಯೋಗವಾದೀತೆಂದು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ವಯಸ್ಸಿನ ಲೆಕ್ಕ

ಒಂದನೇ ಇಯತ್ತೆಗೆ ಸೇರುವ ಮಗುವಿಗೆ ಜೂನ್ 1ಕ್ಕೆ 6 ವರ್ಷ ತುಂಬಿರಬೇಕೆಂದು ನಮ್ಮ ರಾಜ್ಯ ಸರ್ಕಾರ 2022ರಲ್ಲಿ ಆದೇಶ ಮಾಡಿತು. 2025-26ರ ಸಾಲಿನಲ್ಲಿ ಸ್ವಲ್ಪ ವಯಸ್ಸು ಕಡಿಮೆಯಾದ ಮಕ್ಕಳ ತಂದೆತಾಯಿಗಳು ಗೋಳಾಡಿದಾಗ, 5 ವರ್ಷ 5 ತಿಂಗಳಾದರೂ ಸಾಕು ಎಂದು ಆ ಒಂದು ವರ್ಷದ ಮಟ್ಟಿಗೆ ರಿಯಾಯಿತಿ ಕೊಟ್ಟರು. ಇಂಥ ರಿಯಾಯಿತಿಯನ್ನು ನಂಬಿ ಕೂಸಿನ ಹೆಸರು ಹಚ್ಚಬಾರದು. ಆಯಾ ವರ್ಷದ ನಿಯಮವನ್ನು ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯಲ್ಲಿ, ಇಲ್ಲವೆ ಹತ್ತಿರದ ಸರ್ಕಾರಿ ಶಾಲೆಯ ಹೆಡ್‌ಮಾಸ್ತರರಲ್ಲಿ ಕೇಳಿಕೊಳ್ಳಿ. ಕೇಳುವುದಕ್ಕೆ ದುಡ್ಡು ಬೀಳುವುದಿಲ್ಲ.

ಇನ್ನು ಹಿಂದಕ್ಕೆ ಎಣಿಸಿರಿ. ಒಂದನೇ ಇಯತ್ತೆಗೆ 6 ಎಂದರೆ ಯುಕೆಜಿಗೆ 5, ಎಲ್‌ಕೆಜಿಗೆ 4, ನರ್ಸರಿಗೆ 3. ನಮ್ಮ ಪೋರನಿಗೆ ಆ ಜೂನ್ 1ಕ್ಕೆ 2 ವರ್ಷ 7 ತಿಂಗಳು. ಆಗಲೇ ನರ್ಸರಿಗೆ ಹಾಕಿದ್ದರೆ ಮೂರು ವರ್ಷ ಓದಿ ಒಂದನೇ ಇಯತ್ತೆಯ ಬಾಗಿಲಿಗೆ ಬಂದಾಗ 5 ವರ್ಷ 7 ತಿಂಗಳು. ಐದು ತಿಂಗಳು ಕಡಿಮೆ! ಅಂದರೆ ಒಂದು ವರ್ಷದ ಫೀ ಕೃಷ್ಣಾ ನದಿಗೆ ಬಿಟ್ಟಂತೆ.

ಆಮೇಲೆ ರೊಕ್ಕದ ಲೆಕ್ಕ

ಅವಳಿಗೆ ಅಂಗಡಿಯಲ್ಲಿ ತಿಂಗಳಿಗೆ 6,000 ರೂಪಾಯಿ ಪಗಾರ. ಪ್ರವೇಶಕ್ಕೆ 8,000 ಎಂಬುದೊಂದೇ ಅವಳ ತಲೆಯಲ್ಲಿತ್ತು. ಬಿಡಿಸಿ ಬರೆದಾಗ ಹೀಗಾಯಿತು: ಪ್ರವೇಶ 8,000. ತಿಂಗಳ ಫೀ 900ರಂತೆ 10 ತಿಂಗಳಿಗೆ 9,000. ವ್ಯಾನಿಗೆ 600ರಂತೆ 6,000. ಯೂನಿಫಾರಂ, ಬೂಟು, ಚೀಲ, ಪುಸ್ತಕ 3,500. ಗ್ಯಾದರಿಂಗಿನ ಡ್ರೆಸ್ಸು, ಹಬ್ಬದ ವೇಷ, ಅದು ಇದು 1,500. ಒಟ್ಟು 28,000.

"ನರ್ಸರಿ ಎಷ್ಟಕ್ಕ ಬಿಡತಾರು?" ಎಂದು ಕೇಳಿದೆ.

"ಹನ್ನೆರಡಕ್ಕ."

"ನೀ ಅಂಗಡಿಯಿಂದ ಬರೂದು?"

"ಐದೂವರೆಗೆ..." ಎಂದವಳೇ ಸುಮ್ಮನಾದಳು.

ಹನ್ನೆರಡರಿಂದ ಐದೂವರೆ ತನಕ ನೋಡಿಕೊಳ್ಳುವವರಿಗೆ ತಿಂಗಳಿಗೆ 1,500 ಎಂದರೂ 10 ತಿಂಗಳಿಗೆ 15,000. ಎಲ್ಲ ಸೇರಿ 43,000. ಅಂದರೆ ವರ್ಷದಲ್ಲಿ ಏಳು ತಿಂಗಳಿಗಿಂತ ಹೆಚ್ಚು ಅವಳು ಇದಕ್ಕೊಂದಕ್ಕೇ ದುಡಿಯಬೇಕು. ಅದರ ಮೇಲೆ ಒತ್ತಿ ಇಟ್ಟ ಬಂಗಾರದ ಬಡ್ಡಿ ಬೇರೆ.

ತಂಗಿಯರೇ, ಫೀ ಎಷ್ಟು ಎಂದಷ್ಟೇ ಕೇಳಬೇಡಿ. ವರ್ಷಕ್ಕೆ ಒಟ್ಟು ಎಷ್ಟು, ಎಷ್ಟು ಕಂತು, ನಡುವೆ ಬಿಡಿಸಿದರೆ ಎಷ್ಟು ತಿರುಗಿ ಕೊಡುತ್ತಾರೆ, ಎಷ್ಟು ಗಂಟೆಗೆ ಬಿಡುತ್ತಾರೆ, ಈ ನಾಲ್ಕನ್ನೂ ಕೇಳಿ. ಉತ್ತರವನ್ನು ಬರೆಸಿಕೊಳ್ಳಿ, ರಸೀದಿ ಇಟ್ಟುಕೊಳ್ಳಿ.

ನಮ್ಮ ತಾಯಂದಿರು ಹೇಗೆ ಮಾಡಿದರು?

ಕೂಸನ್ನು ಎಲ್ಲಿ ಬಿಡಲಿ ಎಂಬ ಚಿಂತೆ ಇಂದಿನದಲ್ಲ. ನಿಪ್ಪಾಣಿಯ ತಂಬಾಕಿನ ವಖಾರಿಗಳಲ್ಲಿ ದುಡಿದ ಹೆಂಗಸರನ್ನು ಕೇಳಿ. ಅವರು ಸಂಘ ಕಟ್ಟಿ ಹೋರಾಡಿದ್ದನ್ನು 1982ರಲ್ಲಿ ‘ಯುಗಾಂತರ್’ ಎಂಬ ಮಹಿಳೆಯರ ತಂಡ ಸಾಕ್ಷ್ಯಚಿತ್ರವಾಗಿಯೂ ತೆಗೆಯಿತು. ಅಥಣಿಯಲ್ಲಿ ಚಪ್ಪಲಿಯ ಹೆಣಿಗೆ ಮಾಡುವ ತಾಯಂದಿರಿಗೆ ಮನೆಯೇ ಕಾರ್ಖಾನೆ, ಕೂಸು ಪಕ್ಕದಲ್ಲೇ. ರಾಯಬಾಗ, ಕಾಗವಾಡ ಕಡೆ ಕಬ್ಬಿನ ಸುಗ್ಗಿಯಲ್ಲಿ ಗ್ಯಾಂಗಿನ ಹೆಂಗಸರು ಕೂಸನ್ನು ಹೊಲದ ಬದುವಿನ ನೆರಳಲ್ಲಿ ಮಲಗಿಸಿ ಕಬ್ಬು ಕಡಿಯುವುದನ್ನು ನಾವೆಲ್ಲ ಕಂಡವರೇ.

ಬೀಡಿ ಮತ್ತು ಸಿಗಾರ್ ಕಾರ್ಮಿಕರಿಗಾಗಿ 1966ರಲ್ಲಿ ಬಂದ ಕಾನೂನು, ಹೆಚ್ಚು ಹೆಂಗಸರು ದುಡಿಯುವ ಕಾರ್ಖಾನೆಯಲ್ಲಿ 6 ವರ್ಷದೊಳಗಿನ ಮಕ್ಕಳಿಗೆ ಕೋಣೆ ಇರಬೇಕೆಂದು ಹೇಳಿತ್ತು. 2017ರಲ್ಲಿ ಹೆರಿಗೆ ಸೌಲಭ್ಯದ ಕಾನೂನು ತಿದ್ದುಪಡಿಯಾದಾಗ, 50 ಅಥವಾ ಹೆಚ್ಚು ಜನ ದುಡಿಯುವ ಕಡೆ ಶಿಶುಪಾಲನೆಯ ವ್ಯವಸ್ಥೆ ಬೇಕು, ತಾಯಿ ದಿನಕ್ಕೆ 4 ಸಲ ಹೋಗಿ ಕೂಸನ್ನು ನೋಡಿ ಬರಬಹುದು ಎಂದಾಯಿತು. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಈ ಮಾತು ಉಳಿದಿದೆ. ನಿಮ್ಮ ಮನೆಯ ಸೊಸೆ, ಮಗಳು ಅಂಥ ದೊಡ್ಡ ಕಡೆ ಕೆಲಸಕ್ಕಿದ್ದರೆ ಕೇಳಲು ಸಂಕೋಚ ಬೇಡ. ಹಳ್ಳಿಯ ತಾಯಂದಿರಿಗಾಗಿ 2023ರಿಂದ ನಮ್ಮ ರಾಜ್ಯದ ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ಗಳನ್ನು ತೆರೆಯಲಾಯಿತು. ನಿಮ್ಮ ಪಂಚಾಯಿತಿಯಲ್ಲಿ ಇದೆಯೋ ಇಲ್ಲವೋ ವಿಚಾರಿಸಿ.

ಅಂಗನವಾಡಿ ಎಂದರೆ ಮೂಗು ಮುರಿಯಬೇಡಿ

"ಅಂಗನವಾಡಿಗೆ ಹಾಕೂದಾ?" ಎಂದು ಅಕ್ಕನ ಮಗಳು ಮುಖ ಸಣ್ಣದು ಮಾಡಿದಳು. ನಾನು ಅವಳಿಗೆ ತಾರಾಬಾಯಿ ಮೋಡಕರ ವಿಷಯ ಹೇಳಿದೆ. ದೊಡ್ಡ ಮನೆಯ ಮಕ್ಕಳಿಗಿದ್ದ ಶಿಶುಶಿಕ್ಷಣ ಬಡವರ ಮಕ್ಕಳಿಗೂ ಸಿಗಲೆಂದು ಅವರು 1945ರಲ್ಲಿ ಮಹಾರಾಷ್ಟ್ರದ ಬೋರ್ಡಿ ಎಂಬ ಹಳ್ಳಿಗೆ ಹೋಗಿ ಕುಳಿತರು. ಅನುತಾಯಿ ವಾಘ್ ಅವರ ಜೊತೆಯಾದರು. ಮಕ್ಕಳು ಶಾಲೆಗೆ ಬಾರದಿದ್ದರೆ ಶಾಲೆಯೇ ಅಂಗಳಕ್ಕೆ ಹೋಗಲಿ ಎಂಬುದು ಅವರ ವಿಚಾರ. ಈಗ ದುಬಾರಿ ಹೆಸರಾಗಿರುವ ಮಾಂಟೆಸ್ಸರಿ ಕೂಡ ಶುರುವಾದದ್ದು ಹೇಗೆ? ಮರಿಯಾ ಮಾಂಟೆಸ್ಸರಿಯವರು 1907ರಲ್ಲಿ ರೋಮ್ ನಗರದಲ್ಲಿ ದುಡಿಯುವ ಬಡವರ ಮಕ್ಕಳಿಗಾಗಿ ತೆರೆದ ಮನೆಯಿಂದ.

ನಮ್ಮ ದೇಶದಲ್ಲಿ ಅಂಗನವಾಡಿ ಯೋಜನೆ 1975ರ ಅಕ್ಟೋಬರ್ 2ರಂದು ಆರಂಭವಾಯಿತು. ಕರ್ನಾಟಕದಲ್ಲಿ ಮೊದಲು ಬಂದದ್ದು ಮೈಸೂರು ಜಿಲ್ಲೆಯ ತಿ. ನರಸೀಪುರಕ್ಕೆ. 3ರಿಂದ 6 ವರ್ಷದ ಮಕ್ಕಳಿಗೆ ಆಟ, ಹಾಡು, ಊಟ, ತೂಕ ನೋಡುವುದು, ಎಲ್ಲ ಅಲ್ಲಿವೆ, ಫೀ ಇಲ್ಲ. 2013ರಲ್ಲಿ ಆರಂಭವಾದ ಕ್ಷೀರಭಾಗ್ಯದಿಂದ ಹಾಲೂ ಸೇರಿತು.

ಹಾಗೆಂದು ಕಣ್ಣು ಮುಚ್ಚಿ ಕಳಿಸಿ ಎನ್ನುವುದಿಲ್ಲ. ಒಂದು ದಿನ ಹೋಗಿ ಅರ್ಧ ತಾಸು ಕುಳಿತು ನೋಡಿ. ಕಟ್ಟಡ ಸೋರುತ್ತದೆಯೇ? ಕುಡಿಯುವ ನೀರು, ಶೌಚಾಲಯ ಹೇಗಿವೆ? ಅಕ್ಕೋರು ಮಕ್ಕಳನ್ನು ಹೆಸರು ಹಿಡಿದು ಕರೆಯುತ್ತಾರೆಯೇ? ಸರಿಯಿಲ್ಲದ್ದನ್ನು ಹೇಳಲು ಬಾಲವಿಕಾಸ ಸಮಿತಿ ಇದೆ, ತಾಯಂದಿರೇ ಅದರಲ್ಲಿ ಇರುತ್ತಾರೆ. ಖಾಸಗಿ ನರ್ಸರಿಯನ್ನೂ ಇದೇ ಕಣ್ಣಿನಿಂದ ನೋಡಿ. ಗೋಡೆಯ ಬಣ್ಣ ನೋಡಿ ಮರುಳಾಗಬೇಡಿ, ಒಳಗಿನ ಮಕ್ಕಳ ಮುಖ ನೋಡಿ.

ಜೂನ್‌ಗೆ ಮೊದಲು ಮನೆಯಲ್ಲಿ ಮಾಡುವ ತಯಾರಿ

ಅಂಗನವಾಡಿಯಿರಲಿ, ನರ್ಸರಿಯಿರಲಿ, ಎರಡು ತಿಂಗಳು ಮೊದಲಿನಿಂದ ಹೀಗೆ ರೂಢಿ ಮಾಡಿಸಿ:

1. ದಿನಕ್ಕೆ ಹತ್ತು ನಿಮಿಷ ನೆರೆಮನೆಯಲ್ಲಿ ಬಿಟ್ಟು ಬನ್ನಿ. ನಿಧಾನವಾಗಿ ಅರ್ಧ ತಾಸು, ಒಂದು ತಾಸು ಮಾಡಿ. ಕಣ್ಣು ತಪ್ಪಿಸಿ ಓಡಿ ಬರಬೇಡಿ. "ಹೋಗಿ ಬರ್ತೀನಿ" ಎಂದು ಹೇಳಿಯೇ ಹೊರಡಿ, ಹೇಳಿದ ಹೊತ್ತಿಗೆ ಬನ್ನಿ. ಕೂಸಿಗೆ ನಂಬಿಕೆ ಬರುವುದು ಹೀಗೆಯೇ.

2. ಚೆಲ್ಲಿದರೂ ಚಿಂತೆಯಿಲ್ಲ, ತನ್ನ ಕೈಯಿಂದಲೇ ಉಣ್ಣಲಿ.

3. ಒಂದಕ್ಕೆ, ಎರಡಕ್ಕೆ ಹೋಗಬೇಕಾದರೆ ಹೇಳುವುದನ್ನು ಕಲಿಸಿ. ಮನೆಯಲ್ಲಿ ಅದಕ್ಕೆ ಯಾವ ಶಬ್ದವಿದೆಯೋ ಅದನ್ನು ಅಕ್ಕೋರಿಗೂ ತಿಳಿಸಿ. ನಮ್ಮ ಗಡಿ ಭಾಗದಲ್ಲಿ ಒಂದು ಮನೆಯಲ್ಲಿ ಕನ್ನಡ, ಇನ್ನೊಂದರಲ್ಲಿ ಮರಾಠಿ. ಶಬ್ದ ತಿಳಿಯದೆ ಕೂಸು ಒದ್ದೆಯಾಗಿ ಅಳುತ್ತ ಕೂಡಬಾರದು. ಎರಡು ಭಾಷೆ ಕಿವಿಗೆ ಬಿದ್ದರೆ ಕೂಸು ಗೊಂದಲಗೊಳ್ಳುತ್ತದೆ ಎಂಬ ಭಯ ಬೇಡ.

4. ತಾಯಿ ಕಾರ್ಡ್ ತೆಗೆದು ನೋಡಿ. 16ರಿಂದ 24 ತಿಂಗಳಲ್ಲಿ ಹಾಕಿಸಬೇಕಾದ ದಡಾರ-ರುಬೆಲ್ಲಾದ ಎರಡನೆಯ ಡೋಸು, ಡಿಪಿಟಿ ಬೂಸ್ಟರ್ ಆಗಿವೆಯೇ? ಉಳಿದಿದ್ದರೆ ಆಶಾ ಕಾರ್ಯಕರ್ತೆಯನ್ನು ಕೇಳಿ.

5. ಡಬ್ಬಿಗೆ ಮೆತ್ತಗಿನ ಮೆಂತ್ಯದ ಚಪಾತಿ, ಸಜ್ಜಕ, ಅವಲಕ್ಕಿ, ಬೇಯಿಸಿದ ಗಜ್ಜರಿ ಸಾಕು. ಇಡೀ ಶೇಂಗಾ, ಪುಟಾಣಿ, ಇಡೀ ದ್ರಾಕ್ಷಿ ಕೊಡಬೇಡಿ, ಗಂಟಲಿಗೆ ಸಿಕ್ಕೀತು. ಶೇಂಗಾವನ್ನು ಹುರಿದು ನುಣ್ಣಗೆ ಪುಡಿ ಮಾಡಿ ಬೆಲ್ಲ ಕೂಡಿಸಿ ಚಪಾತಿಗೆ ಸವರಿದರೆ ಮಕ್ಕಳು ಇಷ್ಟಪಟ್ಟು ತಿನ್ನುತ್ತವೆ.

ಕಾಕೂಗೆ ರೊಕ್ಕ ಕೊಡುವುದು ಹೇಗೆ?

ಕೊನೆಗೆ ನಾವು ನಿಶ್ಚಯಿಸಿದ್ದು ಇಷ್ಟು. ನವೆಂಬರಿನಲ್ಲಿ 3 ತುಂಬುವ ತನಕ ಓಣಿಯ ಒಬ್ಬ ಕಾಕೂ ಪೋರನನ್ನು ನೋಡಿಕೊಳ್ಳಬೇಕು, ಆಮೇಲೆ ಅಂಗನವಾಡಿ, ಅದು ಬಿಟ್ಟ ಮೇಲೆ ಐದೂವರೆ ತನಕ ಮತ್ತೆ ಕಾಕೂ. "ಕಾಕೂಗೆ ರೊಕ್ಕ ಹ್ಯಾಂಗ ಕೊಡೂದು ಮೌಶಿ? ಖಾಲಿ ಕುಂತಿರತಾರ, ಪ್ರೀತಿಲೇ ನೋಡತಾರ" ಎಂದಳು.

ಇಲ್ಲೇ ನಾವು ಹೆಣ್ಣುಮಕ್ಕಳು ಎಡವುತ್ತೇವೆ. ಶಾಲೆಗೆ ಕೊಡುವಾಗ ಚೌಕಾಸಿ ಇಲ್ಲ. ಕೂಸನ್ನು ಎತ್ತಿ, ತೊಳೆದು, ಉಣಿಸಿ, ಮಲಗಿಸುವ ಹೆಂಗಸಿನ ದುಡಿಮೆಗೆ ಮಾತ್ರ ಬೆಲೆಯೇ ಇಲ್ಲ. ನಮ್ಮ ದುಡಿಮೆಗೆ ಮನೆಯವರು ಬೆಲೆ ಕೊಡುವುದಿಲ್ಲವೆಂದು ಅಳುವ ನಾವೇ ಇನ್ನೊಬ್ಬಳಿಗೆ ಕೊಡದಿದ್ದರೆ ಹೇಗೆ? ಐದು ತಿಂಗಳು 1,500ರಂತೆ 7,500, ಉಳಿದ ಏಳು ತಿಂಗಳು 1,000ದಂತೆ 7,000, ವರ್ಷಕ್ಕೆ 14,500 ಎಂದು ಗೊತ್ತುಮಾಡಿದೆವು. ಕಾಕೂ ಮೊದಲು ಬೇಡವೆಂದರು. ಈಗ ಆ ರೊಕ್ಕದಲ್ಲಿ ತಮ್ಮ ಬಿ.ಪಿ. ಗುಳಿಗೆ ತಾವೇ ತಂದುಕೊಳ್ಳುತ್ತಾರೆ, ಮಗನ ಮುಂದೆ ಕೈ ಚಾಚುವುದಿಲ್ಲ.

ಉಳಿದದ್ದರಲ್ಲಿ ಅವಳು ಪೋಸ್ಟಿನಲ್ಲಿ ತಿಂಗಳಿಗೆ 1,000ದ ಆರ್.ಡಿ. ಹಚ್ಚಿದಳು. ತಿಂಗಳಿಗೆ 100 ರೂಪಾಯಿಯಿಂದಲೂ ಅದನ್ನು ಶುರು ಮಾಡಬಹುದು, 5 ವರ್ಷದ ಅವಧಿ. ಕೂಸಿಗೆ ಆರು ತಿಂಗಳಿದ್ದಾಗಲೇ ತೆಗೆದರೆ ಒಂದನೇ ಇಯತ್ತೆಯ ಹೊತ್ತಿಗೆ ಕೈಗೆ ಬರುತ್ತದೆ. ಭಿಶಿ ಹಾಕುವವರು ಗೊತ್ತಿದ್ದ ಹೆಂಗಸರಲ್ಲೇ ಹಾಕಿ, ಪ್ರತಿ ತಿಂಗಳು ವಹಿಯಲ್ಲಿ ಬರೆಸಿ, ಸಹಿ ಹಾಕಿಸಿ.

ಮೊನ್ನೆ ನಿಪ್ಪಾಣಿಗೆ ಹೋಗಿದ್ದೆ. ಪೋರ ಅಂಗನವಾಡಿಯಿಂದ ಬಂದವನೇ ಬಾಗಿಲಲ್ಲಿ ಚಪ್ಪಲಿ ಜೋಡಿಸಿಟ್ಟು, ಕೈ ತೊಳೆದು, "ಆಯಿ, ಉಣ್ಣಾಕ ಕೊಡು" ಎಂದು ನನಗೇ ಹುಕುಂ ಮಾಡಿದ. ಅವನ ಅವ್ವನ ಕೊರಳಲ್ಲಿ ಬೋರಮಾಳ ಇತ್ತು. ಮುಂದೆ ಎಲ್‌ಕೆಜಿಗೆ ಎಲ್ಲಿ ಹಾಕಬೇಕೆಂಬುದನ್ನು ಗಂಡ, ಹೆಂಡತಿ, ಅತ್ತೆ ಮೂವರೂ ಕೂತು ಮಾತಾಡುತ್ತಿದ್ದಾರೆ. ಮನೆಯಲ್ಲಿ ಮುಚ್ಚಿಡುವ ಮಾತು ಈಗ ಇಲ್ಲ.

ಈ ಸಲ ಯಾರಾದರೂ "ಕೂಸಿನ ಹೆಸರು ಎಲ್ಲಿ ಹಚ್ಚಿದ್ರಿ?" ಎಂದು ಕೇಳಿದರೆ ನಾಚಬೇಡಿ. "ಲೆಕ್ಕ ಹಾಕಾಕತ್ತೀವ್ರಿ, ವಯಸ್ಸು ಆಗಲಿ" ಎಂದು ಹೇಳಿ.