ಸೇಬಿನ ತೋಟಗಳ ನಡುವೆ ಒಂದು ಸೈಕಲ್ ದಾರಿ

ಈ ಸಂಚಿಕೆಯಲ್ಲಿ ಧಾರಣೆ, ಗೊಬ್ಬರ, ಕೊಳೆರೋಗಗಳ ವಿಚಾರವನ್ನು ತುಸು ಬದಿಗಿಟ್ಟು ಒಂದು ಸೈಕಲ್ ದಾರಿಯ ವಿಷಯ ಬರೆಯಲು ಹೊರಟಿದ್ದೇವೆ. ಸಂಘದ ಪತ್ರಿಕೆಗೂ ಸೈಕಲ್ ಸವಾರಿಗೂ ಎತ್ತಣ ಸಂಬಂಧವೆಂದು ಸದಸ್ಯ ಬಾಂಧವರು ಕೇಳಬಹುದು. ಸಂಬಂಧವುಂಟು. ಆ ದಾರಿ ಹಾದುಹೋಗುವುದು ನಮ್ಮಂತೆಯೇ ಎರಡು ಮೂರು ಹೆಕ್ಟೇರು ಹಿಡುವಳಿ ಇಟ್ಟುಕೊಂಡು, ಬೆಳೆದದ್ದನ್ನು ಸಹಕಾರ ಸಂಘಕ್ಕೆ ಹಾಕಿ ಜೀವನ ಸಾಗಿಸುವ ಬೆಳೆಗಾರರ ತೋಟಗಳ ನಡುವೆ. ಹೊರಗಿನ ಜನ ತೋಟದೊಳಗೇ ಓಡಾಡತೊಡಗಿದರೆ ಬೆಳೆಗಾರನಿಗೆ ಏನು ಸಿಕ್ಕೀತು, ಏನು ತಲೆಗೆ ಬಂದೀತು ಎಂಬುದನ್ನು ಅಲ್ಲಿ ಕಣ್ಣಾರೆ ನೋಡಬಹುದು.

ಜಾಗ ಯಾವುದೆಂದರೆ, ಇಟಲಿಯ ಉತ್ತರ ತುದಿಯಲ್ಲಿ ಆಲ್ಪ್ಸ್ ಪರ್ವತಗಳ ಮಡಿಲಲ್ಲಿರುವ ವೆನೋಸ್ತಾ ಕಣಿವೆ. ಮೊದಲನೆಯ ಮಹಾಯುದ್ಧದ ತನಕ ಇದು ಆಸ್ಟ್ರಿಯಾ ದೇಶಕ್ಕೆ ಸೇರಿತ್ತು. ಇಂದಿಗೂ ಜನರ ಮನೆಮಾತು ಜರ್ಮನ್. ಊರಿನ ಹಲಗೆಗಳ ಮೇಲೆ ಎರಡೆರಡು ಹೆಸರು. ಆಸ್ಟ್ರಿಯಾ ಗಡಿಯ ರೆಷನ್ ಘಾಟಿಯ ಬಳಿ ಹುಟ್ಟುವ ಆದಿಜೆ ನದಿ ಈ ಕಣಿವೆಯಲ್ಲಿ ಹರಿದು ಮೆರಾನ್ ಪಟ್ಟಣಕ್ಕೆ ಇಳಿಯುತ್ತದೆ. ಘಾಟಿಯ ಎತ್ತರ ಸುಮಾರು 1,500 ಮೀಟರು, ಮೆರಾನ್ ಬರೀ 325. ನದಿಯ ಜೊತೆಜೊತೆಗೇ ಸುಮಾರು 80 ಕಿಲೋಮೀಟರು ಸೈಕಲ್ ದಾರಿ ಇಳಿದು ಬರುತ್ತದೆ.

ಘಾಟಿಯ ಮೇಲೆ ಒಂದು ಕೆರೆಯುಂಟು. ಅದರ ನೀರಿನ ನಡುವಿನಿಂದ ಇಗರ್ಜಿಯ ಗಂಟೆಗೋಪುರವೊಂದು ತಲೆಯೆತ್ತಿ ನಿಂತಿದೆ. 1950ರಲ್ಲಿ ವಿದ್ಯುತ್ ಯೋಜನೆಗಾಗಿ ಅಣೆಕಟ್ಟು ಕಟ್ಟಿದಾಗ ಗ್ರೌನ್ ಎಂಬ ಹಳ್ಳಿ ಪೂರ್ತಿ ಮುಳುಗಿತು, ಗೋಪುರ ಮಾತ್ರ ಉಳಿಯಿತು. ಪ್ರವಾಸಿಗಳು ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಲಿಂಗನಮಕ್ಕಿಯ ಹಿನ್ನೀರಿನಲ್ಲಿ ತೋಟ ಕಳೆದುಕೊಂಡ ಮನೆತನದವರಿಗೆ ಫೋಟೋ ತೆಗೆಯುವ ಮನಸ್ಸು ಬರಲಾರದು.

ನಾವು ಇಲ್ಲಿಗೆ ಹೋದದ್ದು 2018ರ ಸೆಪ್ಟೆಂಬರಿನಲ್ಲಿ. ಮ್ಯೂನಿಕ್‌ನಲ್ಲಿ ಕೆಲಸದಲ್ಲಿರುವ ನಮ್ಮ ಅಕ್ಕನ ಮಗ ಜೊತೆಗಿದ್ದ. ಮೆರಾನ್‌ನಿಂದ ರೈಲಿನಲ್ಲಿ ಮಾಲ್ಸ್ ಊರಿಗೆ ಏರಿ, ಅಲ್ಲಿಯೇ ಸೈಕಲ್ ಬಾಡಿಗೆಗೆ ಹಿಡಿದು, ಅರುವತ್ತು ಕಿಲೋಮೀಟರು ಇಳಿಯುವುದೆಂದು ಗೊತ್ತುಮಾಡಿಕೊಂಡೆವು. ಬಾಡಿಗೆ ಸೈಕಲನ್ನು ಒಂದು ನಿಲ್ದಾಣದಲ್ಲಿ ಪಡೆದು ಇನ್ನೊಂದರಲ್ಲಿ ಒಪ್ಪಿಸಬಹುದು. ಇದು ದೊಡ್ಡ ಅನುಕೂಲ. ಬ್ಯಾಟರಿಯ ಸೈಕಲ್ ಬೇಕೇ ಎಂದು ಅಂಗಡಿಯವನು ಕೇಳಿದ. ಇಳಿಜಾರಿಗೆ ಬ್ಯಾಟರಿ ಏತಕ್ಕೆಂದು ಸಾದಾ ಸೈಕಲನ್ನೇ ತೆಗೆದುಕೊಂಡೆವು. ಕಾಲೇಜು ಬಿಟ್ಟ ಮೇಲೆ ಸೈಕಲ್ ತುಳಿಯದ ನಮಗೆ ಮೊದಲ ಅರ್ಧ ಗಂಟೆ ಕೈ ಬ್ರೇಕಿನ ಮೇಲೆಯೇ ಇತ್ತು. "ಮಾವ, ಒಂದೇ ಸಮನೆ ಹಿಡೀಬೇಡಿ, ಬಿಟ್ಟು ಬಿಟ್ಟು ಹಿಡೀರಿ" ಎಂದು ಹುಡುಗ ಹಿಂದಿನಿಂದ ಕೂಗುತ್ತಲೇ ಬಂದ.

ದಾರಿಯ ಗುಟ್ಟು ಹೀಗಿದೆ. ಕಾರು, ಲಾರಿಗಳ ಹೆದ್ದಾರಿ ಬೇರೆ. ಅದರಲ್ಲಿ ವಾಹನಗಳ ಸಾಲು ಕರಗುವುದೇ ಇಲ್ಲ. ಸೈಕಲಿಗೆಂದು ಉದ್ದಕ್ಕೂ ಹೊಸ ರಸ್ತೆ ಕಡಿಯಲು ಹೋಗಿಲ್ಲ. ನದಿಯ ದಂಡೆಯನ್ನೂ, ತೋಟದವರು ಟ್ರ್ಯಾಕ್ಟರು ಓಡಿಸುವ ದಾರಿಗಳನ್ನೂ ಒಂದಕ್ಕೊಂದು ಜೋಡಿಸಿ, ಹೆಚ್ಚಿನ ಭಾಗಕ್ಕೆ ಡಾಂಬರು ಹಾಕಿ, ಸೇತುವೆ ಬೇಕಾದಲ್ಲಿ ಸೇತುವೆ ಕಟ್ಟಿದ್ದಾರೆ. ಆದ್ದರಿಂದ ಅಲ್ಲಿ ಎದುರಾಗುವ ವಾಹನವೆಂದರೆ ಸೇಬಿನ ಪೆಟ್ಟಿಗೆ ಹೇರಿಕೊಂಡ ಟ್ರ್ಯಾಕ್ಟರು. ಅದು ಬಂದರೆ ಸೈಕಲಿನವರು ಇಳಿದು ಬದಿಗೆ ನಿಲ್ಲುತ್ತಾರೆ. ಸುಗ್ಗಿಯ ಕಾಲದಲ್ಲಿ ಗಾಡಿ ಯಾರದು, ದಾರಿ ಯಾರದು ಎಂಬುದರಲ್ಲಿ ಯಾರಿಗೂ ಅನುಮಾನವಿದ್ದಂತೆ ಕಾಣಲಿಲ್ಲ.

ಮಾಲ್ಸ್ ಬಿಟ್ಟೊಡನೆ ಸಿಗುವ ಗ್ಲುರ್ನ್ಸ್ ಎಂಬ ಪುಟ್ಟ ಪಟ್ಟಣಕ್ಕೆ ಹದಿನಾರನೆಯ ಶತಮಾನದ ಕೋಟೆಗೋಡೆ ಸುತ್ತಲೂ ಹಾಗೆಯೇ ಇದೆ. ಮುಂದೆ ಪ್ರಾಡ್ ಊರಿನಿಂದ ಬಲಕ್ಕೆ ತಿರುಗಿದರೆ ಸ್ಟೆಲ್ವಿಯೋ ಘಾಟಿ: 48 ತಿರುವು, 2,757 ಮೀಟರು ಎತ್ತರ. ವರ್ಷಕ್ಕೊಂದು ದಿನ ಆ ಘಾಟಿಯನ್ನು ಮೋಟಾರು ವಾಹನಗಳಿಗೆ ಮುಚ್ಚಿ ಸೈಕಲಿಗೇ ಬಿಟ್ಟುಕೊಡುತ್ತಾರೆ, ಸಾವಿರಾರು ಮಂದಿ ಹತ್ತುತ್ತಾರಂತೆ. ನಾವು ಕೆಳಗಿನಿಂದಲೇ ನಮಸ್ಕಾರ ಹಾಕಿ ನದಿಯ ದಾರಿ ಹಿಡಿದೆವು. ಲಾಸ್ ಊರಿನ ಬಿಳಿ ಅಮೃತಶಿಲೆ, ಷ್ಲಾಂಡರ್ಸ್, ಲಾಚ್, ನಾಟುರ್ನ್ಸ್. ಉದ್ದಕ್ಕೂ ಎರಡೂ ಬದಿಗೆ ಆಳೆತ್ತರಕ್ಕಿಂತ ತುಸು ಮೇಲೆ ನಿಂತ ಸೇಬಿನ ಗಿಡಗಳು, ತಂತಿಗೆ ಕಟ್ಟಿದ ಸಾಲುಗಳು, ಆಲಿಕಲ್ಲಿಗೆಂದು ಮೇಲೆ ಹರಡಿದ ಬಲೆ. ಕೈ ಚಾಚಿದರೆ ಹಣ್ಣು. ಯಾರೂ ಕೀಳುವುದಿಲ್ಲ. ಮನೆಗಳ ಮುಂದೆ ಹಣ್ಣಿನ ಬುಟ್ಟಿ, ರಸದ ಬಾಟಲಿ ಇಟ್ಟು ಪಕ್ಕದಲ್ಲೊಂದು ಕಾಸಿನ ಡಬ್ಬಿ. ತೆಗೆದುಕೊಂಡವರು ದುಡ್ಡು ಹಾಕಿ ಹೋಗುತ್ತಾರೆ.

ದಾರಿಗೆ ಜೀವ ತುಂಬಿದ್ದು ರೈಲು ಎಂದರೆ ತಪ್ಪಾಗದು. 1906ರಲ್ಲಿ ಹಾಕಿದ ಹಳಿ ಇದು. ನಷ್ಟವೆಂದು 1990ರಲ್ಲಿ ಇಟಲಿಯ ರೈಲ್ವೆಯವರು ಓಡಾಟ ನಿಲ್ಲಿಸಿದರು. ಹಳಿಯ ಮೇಲೆ ಹುಲ್ಲು ಬೆಳೆಯಿತು. 1999ರಲ್ಲಿ ಅಲ್ಲಿನ ಪ್ರಾಂತ ಸರ್ಕಾರ ಹಳಿಯನ್ನು ವಶಕ್ಕೆ ಪಡೆದು ದುರಸ್ತಿ ಮಾಡಿ 2005ರಲ್ಲಿ ಮತ್ತೆ ರೈಲು ಬಿಟ್ಟಿತು. ರೈಲಿನಲ್ಲಿ ಏರಿ ಸೈಕಲಿನಲ್ಲಿ ಇಳಿಯಬಹುದಾದ್ದರಿಂದ ಮಕ್ಕಳೂ ಮುದುಕರೂ ಬರುವಂತಾಯಿತು. ಅವರಲ್ಲಿ ಹಲವರು ತೋಟದ ಮನೆಗಳಲ್ಲಿ ತಂಗುತ್ತಾರೆ. ಇದಕ್ಕಾಗಿ ಪ್ರಾಂತದ ರೈತ ಸಂಘ ಕೆಂಪು ಹುಂಜದ ಗುರುತಿನ ಮುದ್ರೆಯೊಂದನ್ನು ಇಟ್ಟಿದೆ. ಬೇಸಾಯ ಮಾಡುವವರ ಮನೆಗಷ್ಟೇ ಆ ಮುದ್ರೆ. ನಮ್ಮ ಹೋಂಸ್ಟೇ ಭರಾಟೆ ಕಂಡವರಿಗೆ ಇದರ ಬೆಲೆ ಬಿಡಿಸಿ ಹೇಳಬೇಕಾಗಿಲ್ಲ.

ಕಣಿವೆಯಲ್ಲಿ ಮಳೆ ವರ್ಷಕ್ಕೆ ಇಪ್ಪತ್ತು ಅಂಗುಲದ ಆಸುಪಾಸು. ನಮ್ಮಲ್ಲಿ ಅಷ್ಟು ಜುಲೈ ತಿಂಗಳ ಒಂದು ವಾರದಲ್ಲೇ ಸುರಿದದ್ದುಂಟು. ಹೀಗಾಗಿ ನೂರಾರು ವರ್ಷಗಳಿಂದ ಅವರು ಬೆಟ್ಟದ ಹಿಮ ಕರಗಿದ ನೀರನ್ನು ಇಳುಕಲಿನಲ್ಲಿ ಕಾಲುವೆ ತೋಡಿ ತಂದಿದ್ದಾರೆ. 'ವಾಲ್' ಎಂದು ಅದರ ಹೆಸರು. ಸರದಿಯಂತೆ ಗಂಟೆಯ ಲೆಕ್ಕದಲ್ಲಿ ನೀರು ಹಂಚಿಕೆ, ಕಾಯಲು ಒಬ್ಬ ನೀರುಗಂಟಿ. ಕಾಲುವೆಯಲ್ಲಿ ಒಂದು ಸಣ್ಣ ಚಕ್ರ, ಅದು ತಿರುಗಿದಂತೆಲ್ಲ ಗಂಟೆಯೊಂದು ಬಡಿಯುತ್ತಿರಬೇಕು. ಗಂಟೆ ನಿಂತಿತೆಂದರೆ ಎಲ್ಲೋ ಕಸ ಕಟ್ಟಿತು ಅಥವಾ ದಂಡೆ ಒಡೆಯಿತು ಎಂದು ಆತ ಎದ್ದು ಓಡಬೇಕು. ಕಾಲುವೆಯ ಪಕ್ಕದ ಕಾಲುದಾರಿಗಳು ನಡೆಯುವವರಿಗೆ ಮೀಸಲು. ಸೈಕಲಿನವರಿಗೆ ಕೆಳಗಿನ ನದಿಯ ದಾರಿ.

ಕಾಫಿ ಬೆಳೆಗಾರರಿಗೆ ಹಿಡಿಸುವ ಇನ್ನೊಂದು ಸಂಗತಿ. ಹೂಮಳೆ ತಪ್ಪಿದರೆ ನಾವು ಸ್ಪ್ರಿಂಕ್ಲರ್ ಹಾಕುತ್ತೇವಷ್ಟೆ. ಅವರೂ ಏಪ್ರಿಲ್‌ನಲ್ಲಿ ಹೂವಿನ ಮೇಲೆ ಸ್ಪ್ರಿಂಕ್ಲರ್ ಹಾಕುತ್ತಾರೆ, ಆದರೆ ಇಬ್ಬನಿ ಹೆಪ್ಪುಗಟ್ಟುವ ರಾತ್ರಿಯಲ್ಲಿ! ನೀರು ಮಂಜುಗಡ್ಡೆಯಾಗುವಾಗ ಶಾಖ ಬಿಡುತ್ತದೆ. ಆ ಶಾಖದಿಂದ ಗಡ್ಡೆಯೊಳಗಿನ ಹೂವು ಸೊನ್ನೆ ಡಿಗ್ರಿಯ ಆಸುಪಾಸಿನಲ್ಲೇ ಉಳಿದು ಬದುಕಿಕೊಳ್ಳುತ್ತದೆ. ಗಡ್ಡೆ ಕರಗುವ ತನಕ ನೀರು ನಿಲ್ಲಿಸುವಂತಿಲ್ಲ. ನಡುವೆ ಪಂಪು ಕೆಟ್ಟರೆ ಬೆಳೆಯೇ ಹೋಯಿತು.

ಹಣ್ಣೆಲ್ಲ ಸೇರುವುದು ಸಹಕಾರ ಸಂಘದ ಗೋದಾಮಿಗೆ. ಅಲ್ಲಿ ಗಾತ್ರ, ಬಣ್ಣ ನೋಡಿ ವಿಂಗಡಿಸಿ, ಆಮ್ಲಜನಕ ಕಡಿಮೆ ಮಾಡಿದ ತಣ್ಣನೆಯ ಕೋಣೆಗಳಲ್ಲಿ ತಿಂಗಳುಗಟ್ಟಲೆ ಇಟ್ಟು, ಮಾರಿದ ಮೇಲೆ ದರ್ಜೆಗೆ ತಕ್ಕಂತೆ ಸದಸ್ಯರಿಗೆ ಹಣ ಬಟವಾಡೆ. ಕಾಫಿ ಮಂಡಳಿಯ ಪೂಲ್ ಪದ್ಧತಿ ಕಂಡ ಹಿರಿಯರಿಗೆ ಇದು ಹೊಸತಲ್ಲ. ಹಣಕ್ಕೆ ಕಾಯುವ ಗೋಳು ಅಲ್ಲಿಯೂ ಉಂಟೆಂದು ಕೇಳಿ ನಮಗೆ ಸ್ವಲ್ಪ ಸಮಾಧಾನವಾಯಿತು.

ಇನ್ನು ಸಿಂಪರಣೆಯ ಜಗಳ. ಸೇಬಿಗೆ ವಸಂತದಿಂದ ಕೊಯ್ಲಿನವರೆಗೆ ಹಲವು ಬಾರಿ ಔಷಧಿ ಬೇಕು. ಟ್ರ್ಯಾಕ್ಟರಿಗೆ ಕಟ್ಟಿದ ದೊಡ್ಡ ಫ್ಯಾನು ಅದನ್ನು ಹೊಗೆಯಂತೆ ಹಾರಿಸುತ್ತದೆ. ಮೇಲಿನ ಕಣಿವೆಯಲ್ಲಿ ಗಾಳಿ ಜೋರು. ಮೊದಲು ಹುಲ್ಲುಗಾವಲು, ಧಾನ್ಯಗಳಿದ್ದ ಮಾಲ್ಸ್ ಕಡೆಗೂ ಸೇಬು ಹತ್ತಿ ಬಂದಾಗ, ತಮ್ಮ ಹುಲ್ಲಿನ ಮೇಲೆ ಪಕ್ಕದವರ ಔಷಧಿ ಬೀಳುತ್ತದೆಂದು ತಕರಾರು ಎದ್ದಿತು. ತೆಗೆದವರು ಸೈಕಲಿನವರಲ್ಲ, ಊರಿನವರೇ. 2014ರಲ್ಲಿ ಮಾಲ್ಸ್‌ನವರು ಜನಮತ ತೆಗೆದರು. ಮತ ಹಾಕಿದವರಲ್ಲಿ ನೂರಕ್ಕೆ 75ರಷ್ಟು ಜನ ರಾಸಾಯನಿಕ ಕೀಟನಾಶಕ ಬೇಡವೆಂದರು. ಅದರಂತೆ ಪುರಸಭೆ ಮಾಡಿದ ನಿಯಮವನ್ನು 2019ರಲ್ಲಿ ಬೊಲ್ಜಾನೋದ ಆಡಳಿತ ನ್ಯಾಯಾಲಯ ರದ್ದುಪಡಿಸಿತು. ನಡುವೆ 2017ರಲ್ಲಿ ಮ್ಯೂನಿಕ್‌ನ ಪರಿಸರ ಸಂಸ್ಥೆಯೊಂದು ಈ ಪ್ರಾಂತದ ಪ್ರವಾಸಿ ಜಾಹೀರಾತನ್ನೇ ಅಣಕಿಸಿ, ಕೀಟನಾಶಕದ ನಾಡೆಂದು ಪ್ರಚಾರ ಮಾಡಿತು. ಸಾವಿರದ ಮುನ್ನೂರಕ್ಕೂ ಹೆಚ್ಚು ಬೆಳೆಗಾರರು ಮಾನಹಾನಿಯ ದೂರಿಗೆ ಸಹಿ ಹಾಕಿದರು. ಮೊಕದ್ದಮೆ ವರ್ಷಗಟ್ಟಲೆ ನಡೆದು, ಹೆಚ್ಚಿನವರು ದೂರು ಹಿಂತೆಗೆದುಕೊಂಡು, 2022ರಲ್ಲಿ ಆ ಸಂಸ್ಥೆಯವರ ಬಿಡುಗಡೆಯಾಯಿತು.

ಬೆಳೆಗಾರರ ಕೋಪ ನಮಗೆ ಅರ್ಥವಾಗುತ್ತದೆ. ಮಳೆಗಾಲದಲ್ಲಿ ಬೋರ್ಡೋ ಹೊಡೆಯದ ಅಡಿಕೆ ತೋಟದ ಗತಿ ಏನೆಂದು ಪಟ್ಟಣದಲ್ಲಿ ಕುಳಿತವರಿಗೆ ತಿಳಿಯದು. ಹಾಗಿದ್ದೂ ದೂರು ಕೊಟ್ಟದ್ದು ಬುದ್ಧಿವಂತಿಕೆಯಲ್ಲವೆಂದೇ ನಮ್ಮ ಅಭಿಪ್ರಾಯ: ಅಣಕದ ಜಾಹೀರಾತನ್ನು ನೋಡದವರೂ ಮೊಕದ್ದಮೆಯ ಸುದ್ದಿಯನ್ನು ಓದಿದರು. ನಾಟುರ್ನ್ಸ್ ಬಳಿ ಹಿರಿಯ ಬೆಳೆಗಾರರೊಬ್ಬರನ್ನು ಈ ಬಗ್ಗೆ ಕೇಳಿಸಿದೆವು; ಹುಡುಗ ಜರ್ಮನಿನಲ್ಲಿ ಮಾತಾಡಿ ಹೇಳಿದ. ದಾರಿ ಬದಿಯ ಸಾಲುಗಳಿಗೆ ಅವರು ಬೆಳಗಿನ ಜಾವವೇ ಔಷಧಿ ಹೊಡೆದು ಮುಗಿಸುತ್ತಾರಂತೆ, ಕೊನೆಯ ಸಾಲಿನಲ್ಲಿ ಒಳಮುಖವಾಗಿ ಮಾತ್ರ. "ಕಾನೂನು ಇದ್ದರೂ ಇಲ್ಲದಿದ್ದರೂ, ಆ ಸೈಕಲಿನ ಮೇಲಿರುವ ಮಗು ರಾತ್ರಿ ನಮ್ಮ ಮನೆಯಲ್ಲೇ ಉಳಿಯುವುದು" ಎಂದರು.

ಹೋಗುವ ಮನಸ್ಸಿರುವ ಸದಸ್ಯರಿಗೆ ಎರಡು ಮಾತು. ಹೂವು ನೋಡಲು ಏಪ್ರಿಲ್ ಕೊನೆ, ಹಣ್ಣಿಗೆ ಸೆಪ್ಟೆಂಬರ್ ಒಳ್ಳೆಯ ಕಾಲ. ಹಳಿಯ ವಿದ್ಯುದೀಕರಣದ ಕಾಮಗಾರಿಗೆಂದು ಈಚಿನ ವರ್ಷಗಳಲ್ಲಿ ರೈಲು ನಿಂತದ್ದುಂಟು. ಹೊರಡುವ ಮೊದಲು ವಿಚಾರಿಸಿಕೊಳ್ಳುವುದು ಮೇಲು. ಮೆರಾನ್‌ಗೆ ಮುಂಚೆ ಟೋಲ್ ಎಂಬಲ್ಲಿ ದಾರಿ ಅಂಕುಡೊಂಕಾಗಿ ಕಡಿದಾಗಿ ಇಳಿಯುತ್ತದೆ, ಅಲ್ಲಿ ಬ್ರೇಕು ನಿಜಕ್ಕೂ ಬೇಕು.