ಪರೀಕ್ಷೆ ಹಿಂದಿನ ರಾತ್ರಿಯ ಮಾತ್ರೆ

ಫೈನಲ್ಸ್ ವಾರ ಬಂತು ಅಂದ್ರೆ ಅಮೆರಿಕದ ಕ್ಯಾಂಪಸ್‌ಗಳಲ್ಲಿ ಆಡೆರಾಲ್ ಹೆಸರು ಕೇಳಿಬರುತ್ತೆ. ಇದು ಆಂಫೆಟಮಿನ್ ಲವಣಗಳ ಮಿಶ್ರಣ. ಮೆದುಳಲ್ಲಿ ಡೋಪಮೈನ್ ಹೆಚ್ಚಿಸುತ್ತದೆ. ಎಡಿಎಚ್‌ಡಿ ಇರುವವರಿಗೆ ಒಳ್ಳೆಯ ಔಷಧಿ. ಆ ತೊಂದರೆ ಇಲ್ಲದವರು ತಗೊಂಡರೆ ಏನಾಗುತ್ತೆ?

2023ರಲ್ಲಿ ‘ಸೈನ್ಸ್ ಅಡ್ವಾನ್ಸಸ್’ ಪತ್ರಿಕೆಯಲ್ಲಿ ಬಂದ ಪ್ರಯೋಗವೊಂದರಲ್ಲಿ 40 ಆರೋಗ್ಯವಂತರಿಗೆ ಇಂಥ ಔಷಧಿ ಕೊಟ್ಟು ನ್ಯಾಪ್‌ಸ್ಯಾಕ್ ಲೆಕ್ಕ ಬಿಡಿಸಲು ಹೇಳಿದರು. ಊರಿಂದ ಹೊರಡುವಾಗ 23 ಕೆಜಿ ಸೂಟ್‌ಕೇಸಿಗೆ ಚಟ್ನಿಪುಡಿ ಹಾಕೋದಾ, ಕುಕ್ಕರ್ ಹಾಕೋದಾ ಅಂತ ನಾವೆಲ್ಲ ಮಾಡಿದ ಲೆಕ್ಕವೇ ಅದು. ಔಷಧಿ ತಗೊಂಡಾಗ ಅವರು ಹೆಚ್ಚು ಹೊತ್ತು ಕೂತರು, ಹೆಚ್ಚು ಸಲ ತೆಗೆದು ಹಾಕಿ ಮಾಡಿದರು. ಆದರೆ ಆಯ್ಕೆಗಳ ಗುಣಮಟ್ಟ ಇಳಿಯಿತು.

ಜೊತೆಗೆ ಎದೆಬಡಿತ, ರಕ್ತದೊತ್ತಡ ಏರುತ್ತೆ, ನಿದ್ದೆ ಕೆಡುತ್ತೆ. ಓದಿದ್ದು ನೆನಪಲ್ಲಿ ಗಟ್ಟಿಯಾಗಲು ನಿದ್ದೆ ಬೇಕೇ ಬೇಕು. ಡಾಕ್ಟರ್ ಚೀಟಿಯಿಲ್ಲದೆ ಸಿಗುವ ಮಾತ್ರೆ ನಕಲಿಯಾಗಿದ್ದು, ಅದರಲ್ಲಿ ಫೆಂಟನಿಲ್ ಕೂಡ ಇರಬಹುದು. ಇದು ಇಲ್ಲಿ ಶೆಡ್ಯೂಲ್ 2 ಔಷಧಿ: ಗೆಳೆಯನಿಗೆ ಪುಕ್ಕಟೆ ಒಂದು ಕೊಟ್ಟರೂ ಕಾನೂನಿನ ಪ್ರಕಾರ ಅಪರಾಧ. ವೀಸಾ ಮೇಲಿರುವ ನಮಗೆ ಅಪರಾಧ ಸಾಬೀತಾದರೆ ವಿಷಯ ಗಡೀಪಾರಿನವರೆಗೂ ಹೋಗಬಹುದು.

ನಿಜಕ್ಕೂ ಗಮನ ನಿಲ್ಲುತ್ತಿಲ್ಲ ಅನ್ನಿಸಿದರೆ ಸಂಕೋಚ ಬಿಟ್ಟು ಕ್ಯಾಂಪಸ್ ಆರೋಗ್ಯ ಕೇಂದ್ರಕ್ಕೆ ಹೋಗಿ ತೋರಿಸಿಕೊಳ್ಳೋಣ.