ಅಂದಿನ ಕಾಗದ, ಇಂದಿನ ದೇಹ



ಜುಲೈ 26 ಸಂತ ಜೋಕಿಂ ಮತ್ತು ಸಂತ ಅನ್ನಮ್ಮನವರ ಹಬ್ಬ. ಅಂದು ನಾವು ವೃದ್ಧಾಶ್ರಮಗಳಿಗೆ ಸಿಹಿ ಒಯ್ಯುತ್ತೇವೆ. ಒಳ್ಳೆಯದೇ. ಆದರೆ ಸಕ್ಕರೆ ಕಾಯಿಲೆ ಇರುವವರ ಕೈಗೂ ಲಾಡು ಇಟ್ಟು ಬರುತ್ತೇವೆ. ಫೈಲಿನಲ್ಲಿ ‘ಸಕ್ಕರೆ ಕಾಯಿಲೆ ಇಲ್ಲ’ ಎಂದೇ ಇರಬಹುದು. ಅದು ಅವರು ಆಶ್ರಮ ಸೇರಿದ ದಿನ ಬರೆದದ್ದು.

ಕೆ.ಜಿ.ಎಫ್., ಬಂಗಾರಪೇಟೆಯ ನಮಗೆ ಇದು ಬೇಗ ಅರ್ಥವಾಗಬೇಕು. ಚಿನ್ನದ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಆದರೆ ಉಸಿರಿನೊಂದಿಗೆ ಒಳಹೋದ ಕಲ್ಲಿನ ದೂಳು ತನ್ನ ಕೆಲಸ ನಿಲ್ಲಿಸಲಿಲ್ಲ. ಗಣಿ ಬಿಟ್ಟು ವರ್ಷಗಳಾದ ಮೇಲೂ ಸಿಲಿಕೋಸಿಸ್ ಉಲ್ಬಣಿಸಬಲ್ಲದು. ಕ್ಷಯದ ಅಪಾಯವನ್ನೂ ಹೆಚ್ಚಿಸುತ್ತದೆ. ಸೇರುವಾಗ ತಾವೇ ಸ್ನಾನಕ್ಕೆ ಹೋಗುತ್ತಿದ್ದ ಹಳೆಯ ಗಣಿ ಕಾರ್ಮಿಕರು ಮರುವರ್ಷ ನಾಲ್ಕು ಹೆಜ್ಜೆಗೇ ಏದುಸಿರು ಬಿಡಬಹುದು. ಫೈಲಿನಲ್ಲಿ ‘ಸಹಾಯ ಬೇಡ’ ಎಂದೇ ಉಳಿದಿದ್ದರೆ, ಹೊಸದಾಗಿ ಬಂದ ಸಹಾಯಕಿ ಅದನ್ನೇ ನಂಬುತ್ತಾಳೆ. ಹಿರಿಯರು ಬಚ್ಚಲಲ್ಲಿ ಬೀಳುವುದು ಹೀಗೆಯೇ.

ಹಾಗಾದರೆ ಆರೈಕೆಯ ಯೋಜನೆಯನ್ನು ಯಾವಾಗ ತಿದ್ದಬೇಕು? ಅಮೆರಿಕದಲ್ಲಿ 1987ರ ಕಾನೂನಿನ ಪ್ರಕಾರ, ಸರ್ಕಾರಿ ನೆರವು ಪಡೆಯುವ ಶುಶ್ರೂಷಾಲಯಗಳು ಪ್ರತಿ ನಿವಾಸಿಯ ಸ್ಥಿತಿಯನ್ನು ಮೂರು ತಿಂಗಳಿಗೊಮ್ಮೆ ನೋಡಬೇಕು. ವರ್ಷಕ್ಕೊಮ್ಮೆಯಾದರೂ ಪೂರ್ಣವಾಗಿ ಪರಿಶೀಲಿಸಬೇಕು. ದೊಡ್ಡ ಬದಲಾವಣೆ ಕಂಡರೆ 14 ದಿನಗಳೊಳಗೆ ಮತ್ತೆ ಪರಿಶೀಲಿಸಬೇಕು. ಇದಕ್ಕೆ ಯಂತ್ರ ಬೇಡ. ಒಂದು ನೋಟುಪುಸ್ತಕ ಸಾಕು.

ಮೂರು ಮಾತು ನೆನಪಿಡೋಣ. ಮೊದಲನೆಯದು, ಗಮನಿಸುವುದು: ಬಿದ್ದರೇ, ಆಸ್ಪತ್ರೆಯಿಂದ ಮರಳಿದರೇ, ಬಟ್ಟೆ ಸಡಿಲವಾಯಿತೇ, ನುಂಗುವಾಗ ಕೆಮ್ಮುತ್ತಾರೇ? ಇದ್ದಕ್ಕಿದ್ದಂತೆ ಗಲಿಬಿಲಿಗೊಂಡರೆ ‘ವಯಸ್ಸಾಯಿತು’ ಎನ್ನಬೇಡಿ. ಅದು ಸೋಂಕಿನ ಸೂಚನೆಯೂ ಆಗಿರಬಹುದು, ವೈದ್ಯರಿಗೆ ತೋರಿಸಿ. ಎರಡನೆಯದು, ಬರೆಯುವುದು: ಹಳೆಯ ಸಾಲು ಹೊಡೆದು, ತಾರೀಖು ಹಾಕಿ, ಇನ್ನು ಮುಂದೆ ಯಾರು ಏನು ಮಾಡಬೇಕೆಂದು ಸ್ಪಷ್ಟವಾಗಿ ಬರೆಯಬೇಕು. ಮೂರನೆಯದು, ಕೇಳುವುದು: ಊಟ, ಸ್ನಾನ, ನಿದ್ದೆಯ ಬಗ್ಗೆ ಹಿರಿಯರ ಇಚ್ಛೆಯೇ ಮೊದಲು. ಮರೆವಿನ ಕಾಯಿಲೆ ಹೆಚ್ಚಿದಂತೆ ಕೆಲವರಿಗೆ ಮನೆಮಾತು ಮಾತ್ರ ಉಳಿಯುತ್ತದೆ. ನಮ್ಮೂರಲ್ಲಿ ಅದು ತಮಿಳೋ ತೆಲುಗೋ ಆಗಿರಬಹುದು; ಅದನ್ನೂ ಬರೆದಿಡಿ.

ಮಾರಿಕುಪ್ಪಂ, ಬಂಗಾರಪೇಟೆಯಿಂದ ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗುವ ಮಕ್ಕಳೇ, ನಿಮಗೆ ಸಿಗುವುದು ಭಾನುವಾರ ಮಾತ್ರ ಎಂದು ಬಲ್ಲೆ. ಆ ಭಾನುವಾರ ಹಣ್ಣಿನ ಜೊತೆ ಒಂದು ಪ್ರಶ್ನೆಯನ್ನೂ ಒಯ್ಯಿರಿ: “ಅಪ್ಪನ ಫೈಲು ಕೊನೆಯ ಬಾರಿ ತಿದ್ದಿದ್ದು ಯಾವಾಗ?”